ನಾಲ್ಕು ಸ್ಟಾರ್, ಐದನೇದು ಒಂದು ಮಹಾಪ್ರಾಣಕ್ಕೆ ಹೋಯ್ತು

ಅಂಗಡಿ ಹೆಸರು ಹಾಕಲ್ಲ, ಮೊದ್ಲೇ ಹೇಳ್ಬಿಡ್ತೀನಿ. ತಪ್ಪು ಅರ್ಧ ಅವರದ್ದು ಅರ್ಧ ನಂದು, ಮೇಲಾಗಿ ಆ ಅಣ್ಣ ದಿನಾ ಬೆಳಿಗ್ಗೆ ಹಾಲು ತರೋಕೆ ಹೋದಾಗ ಎದುರು ಸಿಗೋ ಮನುಷ್ಯ, ಮುಖ ನೋಡ್ಬೇಕಲ್ಲ. ನಮ್ಮ ಏರಿಯಾದವ್ರಿಗೆ ನಾಲ್ಕು ಸಾಲು ಓದೋಷ್ಟರಲ್ಲಿ ಗೊತ್ತಾಗುತ್ತೆ ಬಿಡಿ, ಬೇರೆಯವ್ರಿಗೆ ಗುರುತು ಕೊನೇಲಿ.

ಇದು ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್, ರಬ್ಬರ್ ಸ್ಟಾಂಪ್, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಎಲ್ಲಾ ಮಾಡೋ ಅಂಗಡಿ, ಹತ್ತಡಿ ಅಗಲ ಇರ್ಬಹುದು ಅಷ್ಟೇ. ಎದುರುಗಡೆ ರೋಡ್ ದಾಟಿದ್ರೆ ಮದರಸಾ. ಸಾಯಂಕಾಲ ಐದಕ್ಕೆ ಮಕ್ಳು ಬರ್ತಾರೆ, ಹಗಲೆಲ್ಲಾ ಸರ್ಕಾರಿ ಶಾಲೆ, ಆಮೇಲೆ ಮನೆಗೆ ಹೋಗಿ ಮುಖ ತೊಳ್ಕೊಂಡು ಟೋಪಿ ದುಪಟ್ಟಾ ಹಾಕ್ಕೊಂಡು ಇಲ್ಲಿ. ಬರೋ ದಾರಿಲಿ ಕಣ್ಣಿಗೆ ಕಂಡಿದ್ದೆಲ್ಲಾ ಜೋರಾಗಿ ಓದ್ಕೊಂಡು ಬರ್ತಾರೆ, ಬಸ್ ಬೋರ್ಡು, ಬೇಕರಿ ಬೋರ್ಡು, ಟು-ಲೆಟ್, ಏನೂ ಬಿಡಲ್ಲ. ಈ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ನಾನು ಅಲ್ಲಿಗೆ ಹೋಗಿದ್ದು ಬೋರ್ಡ್ ಮಾಡ್ಸೋಕೆ. ನಮ್ಮ ರೋಡಿಗೆ ಬಾರ್ ಬರ್ತಿದೆ ಅಂತ ಸುದ್ದಿ ಆಯ್ತು. ನಮ್ಮ ರಾಜ್ಯದಲ್ಲಿ 1992ರಿಂದ ಸಿಎಲ್-2 (ಮದ್ಯ ಮಾರೋ ಅಂಗಡಿದು), ಸಿಎಲ್-9 (ಬಾರಿಂದು) ಲೈಸೆನ್ಸ್ ಹೊಸದಾಗಿ ಕೊಡೋದು ನಿಲ್ಸಿದ್ರಲ್ಲ, ಹಾಗಾಗಿ ಹಳೇ ಲೈಸೆನ್ಸನ್ನೇ ಒಂದು ಏರಿಯಾದಿಂದ ಎತ್ಕೊಂಡು ಬಂದು ಇನ್ನೊಂದು ಏರಿಯಾದಲ್ಲಿ ಇಡೋದು, ನಮ್ಗೂ ಹಾಗೇ ಎಲ್ಲಿಂದಲೋ ವರ್ಗಾವಣೆ ಆಗಿ ಬಂದಿದ್ದು. ಅಬಕಾರಿ ರೂಲ್ ಪ್ರಕಾರ ಶಾಲೆ, ಧಾರ್ಮಿಕ ಸ್ಥಳ, ಆಸ್ಪತ್ರೆಯಿಂದ 100 ಮೀಟರ್ ಒಳಗಡೆ ಇರಂಗಿಲ್ಲ. ಮದರಸಾ ಶಾಲೆನಾ ಧಾರ್ಮಿಕ ಸ್ಥಳನಾ ಅಂತ ಒಬ್ರು ದೊಡ್ಡದಾಗಿ ವಾದ ತೆಗೆದ್ರು, ಸ್ವಾಮಿ ರೂಲಲ್ಲಿ ಎರಡೂ ಇದೆ ಅಂದ್ಮೇಲೆ ಸುಮ್ನಾದ್ರು. ಆದ್ರೆ ಅಳತೆ ಗೆರೆ ಎಳೆದಂಗೆ ನೇರಕ್ಕಲ್ಲ, ಬಾರ್ ಬಾಗಿಲಿಂದ ಗೇಟಿನ ತನಕ ಜನ ನಡ್ಕೊಂಡು ಹೋಗೋ ದಾರಿ ಲೆಕ್ಕ. ನಾವು ಮೂರು ಮನೆ ಹೆಂಗಸರು ಟೈಲರ್ ಟೇಪಲ್ಲಿ ಆಗಲ್ಲ ಅಂತ ಮೇಸ್ತ್ರಿ ಹತ್ರ ದೊಡ್ಡ ಟೇಪ್ ಇಸ್ಕೊಂಡು ಮದರಸಾ ಗೇಟಿನ ತನಕ ಅಳೆದ್ವಿ, 71 ಮೀಟರ್ ಬಂತು. ಮಾರನೇ ವಾರ ನೋಡ್ತೀವಿ, ಮುಂದಿನ ಬಾಗಿಲಿಗೆ ಗೋಡೆ ಕಟ್ಟಿ ಹಿಂದಿನ ಸಂದಿ ಕಡೆ ಬಾಗಿಲು ಒಡೆದಿದ್ದಾರೆ, ಈಗ 108. ಬುದ್ಧಿವಂತಿಕೆಗೆ ಮೆಚ್ಬೇಕು ಬಿಡಿ.

ಸರಿ, ಬೀದಿಗಿಳಿಯೋಣ ಅಂದ್ರೆ ಬೆಂಗಳೂರಲ್ಲಿ ಬೀದಿನೂ ಇಲ್ಲ. ಹೈಕೋರ್ಟ್ 2022ರಲ್ಲಿ ಹೇಳಿದ್ಮೇಲೆ ಪ್ರೊಟೆಸ್ಟ್ ಅಂದ್ರೆ ಫ್ರೀಡಂ ಪಾರ್ಕ್ ಒಂದೇ. ನಮ್ಮ ಬಾರಿನ ಗಲಾಟೆ ತಗೊಂಡು ಹಳೇ ಜೈಲ್ ಕಾಂಪೌಂಡ್ ಒಳಗೆ ಹೋಗಿ ಕೂಗಿದ್ರೆ ಅಲ್ಲಿ ಕೇಳೋದು ಪಾರಿವಾಳ. ಕಾರ್ಪೊರೇಟರ್ ಹತ್ರ ಹೋಗೋಣ ಅಂದ್ರೆ 2020ರ ಸೆಪ್ಟೆಂಬರಲ್ಲಿ ಪಾಲಿಕೆ ಕೌನ್ಸಿಲ್ ಅವಧಿ ಮುಗಿದ್ಮೇಲೆ ನಮ್ಗೆ ಉಳಿದಿದ್ದು ಬರೀ ಮಾಜಿಗಳು. ಅದಕ್ಕೇ ನಮ್ಮ ಪಕ್ಕದ್ಮನೆ ಆಪಾ ಒಂದು ಐಡಿಯಾ ಕೊಟ್ರು, ರೋಡಿಗೆ ಯಾಕೆ, ಅವರವರ ಗೇಟಿಗೆ ಅವರವರೇ ಬೋರ್ಡ್ ಕಟ್ಕೊಳ್ಳೋಣ ಅಂತ. ಕಂಬಕ್ಕೆ ಬೇಡ, ಪಾಲಿಕೆ ಗೋಡೆಗೆ ಬೇಡ, ಅದಕ್ಕೆ 1981ರ ಕಾಯ್ದೆ ಇದೆ, ಆರು ತಿಂಗಳ ತನಕ ಜೈಲು ಇಲ್ಲಾ ಸಾವಿರ ರೂಪಾಯಿ ತನಕ ದಂಡ ಇಲ್ಲಾ ಎರಡೂ. 2022ರಲ್ಲಿ ಕ್ಯೂಆರ್ ಕೋಡ್ ಹಾಕಿ ಪೇಸಿಎಂ ಪೋಸ್ಟರ್ ಅಂಟಿಸಿದ್ರಲ್ಲ, ಆಗ ಕೇಸ್ ಬಿದ್ದಿದ್ದೂ ಈ ಕಾಯ್ದೆಲೇ. ಇದನ್ನೆಲ್ಲಾ ನಂಗೆ ಹೇಳ್ಕೊಟ್ಟಿದ್ದು ಲಾಯರ್ ಅಲ್ಲ, ಈ ಜೆರಾಕ್ಸ್ ಅಂಗಡಿ ಅಣ್ಣ. ಅದಕ್ಕೊಂದು ಸ್ಟಾರ್.

ಇನ್ನೊಂದು ಸ್ಟಾರ್ ಮೆಟೀರಿಯಲ್ಲಿಗೆ. ನಾನು ಹೋದವಳೇ ಫ್ಲೆಕ್ಸ್ ಅಂದೆ. "ಫ್ಲೆಕ್ಸ್ ಮಾಡಲ್ಲ ಮೇಡಂ, 2016ರಿಂದ್ಲೇ ಬ್ಯಾನು, ನೀವು ಬಾರ್ ವಿರುದ್ಧ ಕಟ್ಟೋ ಬೋರ್ಡೇ ಇಲ್ಲೀಗಲ್ ಆದ್ರೆ ಫಸ್ಟ್ ಅದನ್ನೇ ಫೋಟೋ ಹೊಡೀತಾರೆ" ಅಂದ್ರು. ನಿಜ ತಾನೇ. ಎ3 ಸೈಜಲ್ಲಿ ಮುನ್ನೂರು ಜಿಎಸ್‌ಎಂ ಪೇಪರ್ ಪ್ರಿಂಟು, ಹಿಂದೆ ರಟ್ಟು, ಅದಕ್ಕೊಂದು ಮರದ ರೀಪರ್ ಪಟ್ಟಿ ಹೊಡೆದು ಒಂದಕ್ಕೆ 90 ರೂಪಾಯಿ, ಇಪ್ಪತ್ತು ಮಾಡ್ಸಿದ್ವಿ, 1,800. ಜೊತೆಗೆ ಬಟ್ಟೆ ಬ್ಯಾನರ್ ಒಂದು, ಮೂರಡಿ ಆರಡಿ, ಚದರಡಿಗೆ 40ರಂತೆ 720. ಸುಲ್ತಾನ್‌ಪೇಟೆ ಕಡೆ ಹೋಗಿದ್ರೆ ಇನ್ನೂ ಕಮ್ಮಿಗೆ ಆಗ್ತಿತ್ತೇನೋ, ಆದ್ರೆ ಆಟೋಗೆ ಕೊಡೋದ್ರಲ್ಲಿ ಸರಿಹೋಗುತ್ತೆ. ಹೇಳಿದ ಟೈಮಿಗೆ ಕೊಟ್ರು, ರಟ್ಟು ಗಟ್ಟಿ, ಬಣ್ಣ ಚೆನ್ನಾಗಿತ್ತು, ದೊಡ್ಡ ಆರ್ಡರು ಅಂತ ಕೊನೇಲಿ ನೂರು ರೂಪಾಯಿ ಬಿಟ್ರು ಕೂಡ.

ಕೌಂಟರ್ ಮುಂದೆ ಕಾಯ್ತಾ ಕೂತಿದ್ದಾಗ ನೋಡಿದ್ದು ಹೇಳ್ಬೇಕು, ನಂಗೆ ಸರ್ವಿಸ್‌ಗಿಂತ ಅದೇ ಜಾಸ್ತಿ ತಲೇಲಿ ಕೂತಿದೆ. ನಮ್ಮ ವಿಷ್ಯ ಗೊತ್ತಾಗಿದ್ದೇ ತಡ ಪಕ್ಷದವ್ರು ಬಂದ್ರು. ಒಂದು ಪಾರ್ಟಿಯವ್ರು ಶಾಸಕರೇ ಉತ್ತರಿಸಿ ಅಂತ, ಇನ್ನೊಂದು ಪಾರ್ಟಿಯವ್ರು ಲೈಸೆನ್ಸ್ ಕೊಟ್ಟಿದ್ದು ಯಾರ ಕಾಲದಲ್ಲಿ ಅಂತ. ಇಬ್ರದ್ದೂ ಇದೇ ಅಂಗಡಿ, ಇದೇ ಮಷೀನು, ಇದೇ ರೇಟು. ಸ್ಕ್ರೀನಲ್ಲಿ ನೋಡ್ತೀನಿ, ಒಂದು ಬೋರ್ಡಲ್ಲಿ ಹದಿನಾಲ್ಕು ಮುಖ, ಕೈ ಮುಗಿದಿರೋರು, ಕೈ ಬೀಸ್ತಿರೋರು, ಮೂಲೇಲಿ ಕೂಲಿಂಗ್ ಗ್ಲಾಸ್ ಹಾಕಿರೋ ಯುವ ಮುಖಂಡರು, ಬಾರ್ ಬಗ್ಗೆ ಮಾತ್ರ ಕೆಳಗಡೆ ಒಂದೇ ಸಾಲು. ಡಿಸೈನ್ ಮಾಡೋ ಹುಡುಗಿ ಕೇಳಿದ್ಳು, "ಸರ್ ಮ್ಯಾಟರ್ ಸ್ವಲ್ಪ ದೊಡ್ಡದು ಮಾಡ್ಲಾ?" "ಬೇಡಮ್ಮ, ಅಧ್ಯಕ್ಷರ ಫೋಟೋ ದೊಡ್ಡದು ಮಾಡು."

ಇನ್ನೊಬ್ಬ ಬಂದ, ನಮ್ಮ ಏರಿಯಾದವ್ನಲ್ಲ, ಯಾವತ್ತೂ ನೋಡಿಲ್ಲ. ಫೋನಲ್ಲಿ ಮ್ಯಾಟರ್ ತಂದಿದ್ದ. ಅಣ್ಣ ಓದಿದ್ರು, ಫೋನ್ ನಂಗೂ ಕಾಣೋ ಥರ ಇತ್ತು, ಅದ್ರಲ್ಲಿ ಬಾರೂ ಇಲ್ಲ ಲೈಸೆನ್ಸೂ ಇಲ್ಲ, ಬರೀ ಮದರಸಾಗೆ ಬೈಗುಳ.

"ಇದು ಆಗಲ್ಲ ಸರ್."

"ಯಾಕೆ, ದುಡ್ಡು ಕೊಡ್ತೀನಲ್ಲ."

"ಮಷೀನ್ ರಿಪೇರಿ ಸರ್."

ಹಿಂದ್ಗಡೆ ಮಷೀನು ಟಕಟಕಟಕ ಅಂತ ಓಡ್ತಾನೇ ಇತ್ತು, ನನ್ನ ಬ್ಯಾನರೇ ಅದು, ಅರ್ಧ ಹೊರಗೆ ಬಂದಿತ್ತು. ಅವ್ನು ಮಷೀನ್ ನೋಡ್ದ, ಅಣ್ಣನ್ನ ನೋಡ್ದ, ಅಣ್ಣ ಸ್ಟೇಪ್ಲರ್‌ಗೆ ಪಿನ್ ತುಂಬಿಸ್ತಾ ಇದ್ರು. ಹೋದ. ಆಮೇಲೆ ನಾನು ಕೇಳಿದ್ದಕ್ಕೆ "ಎದುರುಗಡೆ ಮಕ್ಳು ಓದ್ತಾರೆ ಮೇಡಂ" ಅಂದ್ರು ಅಷ್ಟೇ, ಮುಂದಕ್ಕೆ ಮಾತಿಲ್ಲ. ಇದಕ್ಕೆ ಎರಡು ಸ್ಟಾರ್, ನಾನು ಕೊಡೋದು, ನಂದೇ ಲೆಕ್ಕ.

ಈಗ ಐದನೇದು ಯಾಕೆ ಹೋಯ್ತು.

ನಾನು ವಾಟ್ಸಾಪಲ್ಲಿ ಸರಿಯಾಗೇ ಟೈಪ್ ಮಾಡಿ ಕಳ್ಸಿದ್ದೆ: ಶಾಲೆ ಬಳಿ ಮದ್ಯದಂಗಡಿ ಬೇಡ, ಮದ್ಯದಂಗಡಿ ಮುಚ್ಚಿ. ಆದ್ರೆ ಈ ಅಂಗಡೀಲಿರೋದು ಹಳೇ ಕಾಲದ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾ, ಫೋನಲ್ಲಿ ಟೈಪ್ ಮಾಡಿದ ಯೂನಿಕೋಡ್ ಕನ್ನಡ ಅದರೊಳಗೆ ಪೇಸ್ಟ್ ಮಾಡಿದ್ರೆ ಒತ್ತಕ್ಷರ ಎಲ್ಲಾ ಕೈಕಾಲು ಮುರ್ಕೊಂಡು ಬೀಳುತ್ತೆ, ಒಂದೋ ಕನ್ವರ್ಟರ್‌ಗೆ ಹಾಕ್ಬೇಕು ಇಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಮತ್ತೆ ಟೈಪ್ ಮಾಡ್ಬೇಕು. ಹುಡುಗಿ ಮತ್ತೆ ಟೈಪ್ ಮಾಡಿದ್ಳು. ನುಡಿ ಲೇಔಟಲ್ಲಿ ಡಿ ಒತ್ತಿದ್ರೆ ದ, ಶಿಫ್ಟ್ ಹಿಡಿದು ಒತ್ತಿದ್ರೆ ಧ. ಬೆರಳು ಶಿಫ್ಟ್ ಮೇಲೆ ಹೋಗಿದೆ, ಮುಗೀತು. ಪ್ರೂಫ್ ನಂಗೆ ಕಳ್ಸಿದ್ರು, ರಾತ್ರಿ 11:42ಕ್ಕೆ, ನಾನು ನಿದ್ದೆಗಣ್ಣಲ್ಲಿ ಹೆಬ್ಬೆರಳು ಎತ್ತಿಬಿಟ್ಟೆ. ಆ ಹೆಬ್ಬೆರಳನ್ನ ಆಮೇಲೆ ಎಷ್ಟು ಸಲ ತೋರ್ಸಿದ್ರು ಅಂತೀರಾ.

ಗೇಟಿಗೆಲ್ಲಾ ಕಟ್ಟಾಯ್ತು, ಬ್ಯಾನರ್ ನಮ್ಮ ಮನೆ ಮುಂದೆ, ಇಪ್ಪತ್ತು ಮನೆಯವ್ರೂ ಓದಿದ್ರು, ಚೆನ್ನಾಗಿದೆ ಅಂದ್ರು, ಒಬ್ಬರಿಗೂ ಏನೂ ಕಾಣ್ಲಿಲ್ಲ. ಸಾಯಂಕಾಲ ಐದಕ್ಕೆ ಮಕ್ಳು ಬಂದ್ರು. ಅದ್ರಲ್ಲೊಂದು ಹುಡುಗಿ, ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ, ಎದೆಗೆ ಚೀಲ ಅವಚಿಕೊಂಡು ನಿಂತು ಬೆರಳಿಟ್ಕೊಂಡು ಓದ್ತು. ಮ, ಧ್ಯ, ದಂ, ಗ, ಡಿ.

"ಆಂಟಿ, ಮಧ್ಯದಂಗಡಿ ಯಾಕೆ ಮುಚ್ಬೇಕು?"

"ಅಲ್ಲಿ ಕುಡ್ದು ಗಲಾಟೆ ಮಾಡ್ತಾರಲ್ಲ ಪುಟ್ಟಿ, ಅದಕ್ಕೆ."

"ಅಲ್ಲಿ ಯಾರು ಕುಡೀತಾರೆ? ಅಲ್ಲಿ ಜೆರಾಕ್ಸ್ ಮಾಡ್ತಾರೆ."

ನಂಗೆ ಒಂದು ನಿಮಿಷ ಅರ್ಥನೇ ಆಗ್ಲಿಲ್ಲ. ಅದು ಕೈ ತೋರ್ಸಿದ ಕಡೆ ನೋಡಿದ್ರೆ ಸಾಲಿಗೆ ಮೂರು ಅಂಗಡಿ, ಬೇಕರಿ, ಜೆರಾಕ್ಸ್, ಸೈಕಲ್ ಶಾಪ್. ಮಧ್ಯದ್ದು ಯಾವ್ದು? ಬೋರ್ಡ್ ಪ್ರಿಂಟ್ ಹಾಕಿದ ಅಂಗಡೀನೇ. ನಮ್ಮ ರೋಡಲ್ಲಿ ಇಪ್ಪತ್ತು ಗೇಟಲ್ಲಿ ಇಪ್ಪತ್ತು ಬೋರ್ಡು, ಎಲ್ಲದ್ರಲ್ಲೂ ಆ ಅಂಗಡಿ ಮುಚ್ಚಿ ಅಂತ ಕೆಂಪಕ್ಷರದಲ್ಲಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡೇ ಬಂದಿದ್ರಲ್ಲ, ಸುಮಾರು ಇನ್ನೂರು ಕಿಲೋಮೀಟರು. ನಾವು ಗೇಟ್ ದಾಟೋ ಮುಂಚೇನೇ ದಾರಿ ತಪ್ಪಿದ್ವಿ.

ಅಣ್ಣನ್ನ ಕರ್ದೆ. ಬಂದು ಬ್ಯಾನರ್ ಮುಂದೆ ನಿಂತು ಓದಿದ್ರು, ಎರಡು ಸಲ. "ಅಲ್ಲಾ ಮೇಡಂ, ನನ್ನಂಗಡಿ ಮುಚ್ಸೋಕೆ ನಾನೇ ಡಿಸ್ಕೌಂಟ್ ಕೊಟ್ಟಿದ್ದೀನಲ್ಲ!" ಸೈಕಲ್ ಶಾಪಿನವ್ರು ನಕ್ಕಿದ್ದು ಇವತ್ತಿಗೂ ನಿಂತಿಲ್ಲ.

ರಿಪೇರಿ ವಿಷ್ಯದಲ್ಲಿ ಅಣ್ಣ ಫಾಸ್ಟು, ಒಪ್ಕೋಬೇಕು. ಬರೀ ದ್ಯ ಅಂತ ಒಂದು ಶೀಟ್ ತುಂಬಾ ಸ್ಟಿಕ್ಕರ್ ಪ್ರಿಂಟ್ ಹಾಕಿ, ಕಟ್ ಮಾಡಿ, ಅರ್ಧ ಗಂಟೇಲಿ ಕೊಟ್ರು, ಫ್ರೀ. ಇಪ್ಪತ್ತು ಬೋರ್ಡಿಗೆ ಎರಡೆರಡು ಅಂಟಿಸಿದ್ವಿ, ಹತ್ತಿರ ಹೋಗಿ ನೋಡಿದ್ರೆ ಮಾತ್ರ ಗೊತ್ತಾಗುತ್ತೆ. ಬಟ್ಟೆ ಬ್ಯಾನರ್ ಮೇಲೆ ಮಾತ್ರ ನಿಲ್ಲಲಿಲ್ಲ. ಮೂರನೇ ದಿನ ರಾತ್ರಿ ಮಳೆ ಬಂತು, ಬೆಳಿಗ್ಗೆ ನೋಡಿದ್ರೆ ಸ್ಟಿಕ್ಕರ್ ಚರಂಡಿ ಪಕ್ಕ, ಬ್ಯಾನರಲ್ಲಿ ಮತ್ತೆ ಮಧ್ಯದಂಗಡಿ. ಹೊಸದು ಮಾಡ್ಕೊಡಿ ಅಂದ್ರೆ ಅರ್ಧ ರೇಟ್ ಕೇಳಿದ್ರು, 360. ನೀವೇ ಓಕೆ ಮಾಡಿದ್ರಲ್ಲ ಅಂತ ಫೋನ್ ತೆಗೆದು ಮತ್ತೆ ಆ ಹೆಬ್ಬೆರಳು. ನಾನು ಕಳ್ಸಿದ ಮೆಸೇಜ್ ಸರಿ ಇತ್ತಲ್ಲ ಅಂದೆ, ಅದೂ ಸರಿನೇ ಅಂದ್ರು, ಆದ್ರೆ 360 ಬಿಡ್ಲಿಲ್ಲ. ಕೊಟ್ಟೆ. ಸ್ಟಾರ್ ಕಟ್ ಮಾಡ್ದೆ.

ಇನ್ನೊಂದು ನನ್ನ ಪೆದ್ದುತನ, ಇಲ್ಲೇ ಹೇಳಿ ಮುಗಿಸ್ತೀನಿ. ಲೋಕಲ್ ಚಾನೆಲ್ ಹುಡುಗ ಒಬ್ಬ ಬಂದಿದ್ದ ಕ್ಯಾಮೆರಾ ಹಿಡ್ಕೊಂಡು, ಮದರಸಾ ಮಕ್ಳ ಕೈಗೆ ಬೋರ್ಡ್ ಕೊಟ್ಟು ನಿಲ್ಸಿ, ಸೂಪರ್ ವಿಶುವಲ್ ಬರುತ್ತೆ ಅಂದ. ನಂಗೂ ಹೌದಲ್ವಾ ಅನ್ನಿಸ್ತು, ಎರಡು ಬೋರ್ಡ್ ಬಿಚ್ಕೊಂಡು ರೋಡ್ ದಾಟ್ದೆ. ಹಜ್ರತ್, ಅಂದ್ರೆ ಮದರಸಾ ಮೇಷ್ಟ್ರು, ಗೇಟ್ ಹತ್ರನೇ ಇದ್ರು. ಬೋರ್ಡ್ ಇಸ್ಕೊಂಡು ಓದಿದ್ರು, ಮಹಾಪ್ರಾಣದ ಕಥೆ ಅಷ್ಟೊತ್ತಿಗೆ ಅವ್ರಿಗೂ ಮುಟ್ಟಿತ್ತು ಅನ್ಸುತ್ತೆ, ಸ್ಟಿಕ್ಕರ್ ಮೇಲೆ ಹೆಬ್ಬೆರಳಾಡ್ಸಿ ಗಟ್ಟಿಯಾಗಿದೆಯಾ ಅಂತ ನೋಡಿದ್ರು. ಆಮೇಲೆ, "ಮಕ್ಳ ಕೈಗೆ ಬೇಡ ಮೇಡಂ. ಫೋಟೋ ಎಲ್ಲೆಲ್ಲೋ ಹೋಗುತ್ತೆ, ಕೆಳಗೆ ಏನೇನೋ ಬರೀತಾರೆ. ಏಳಕ್ಕೆ ಅವ್ರ ಅಪ್ಪ ಅಮ್ಮ ಬರ್ತಾರೆ ಕರ್ಕೊಂಡು ಹೋಗೋಕೆ, ಅವ್ರ ಕೈಗೆ ಕೊಡಿ, ನಾನೂ ಹಿಡೀತೀನಿ" ಅಂದ್ರು. ಏಳಕ್ಕೆ ಹಾಗೇ ಮಾಡಿದ್ವಿ. ಕ್ಯಾಮೆರಾ ಹುಡುಗ ಅಷ್ಟೊತ್ತಿಗೆ ಹೋಗ್ಬಿಟ್ಟಿದ್ದ. ಮಕ್ಳು ಮಾತ್ರ ಪಕ್ಷದವ್ರ ಬೋರ್ಡ್ ಮುಂದೆ ನಿಂತು ಧಿಕ್ಕಾರ ಅಂದ್ರೇನು ಅಂತ ಒಬ್ಬರನ್ನೊಬ್ರು ಕೇಳ್ತಿದ್ವು, ಹದಿನಾಲ್ಕು ಮುಖದಲ್ಲಿ ಒಂದೂ ಬಾಯಿ ಬಿಡ್ಲಿಲ್ಲ.

ಬಾರ್ ಇನ್ನೂ ಓಪನ್ ಆಗಿಲ್ಲ, ನಮ್ಮ ಅರ್ಜಿ ಅಬಕಾರಿ ಆಫೀಸಲ್ಲಿದೆ, ಶಟರ್‌ಗೆ ಅರ್ಧ ಬಣ್ಣ ಹೊಡೆದು ಹಾಗೇ ನಿಲ್ಸಿದ್ದಾರೆ.

ಹೋಗೋರಿಗೆ: ಕನ್ನಡ ಮ್ಯಾಟರ್ ಆದ್ರೆ ಕೂತು ಟೈಪ್ ಮಾಡ್ಸಿ, ಪ್ರೂಫ್ ಹಗಲಲ್ಲಿ ನೋಡಿ, ಸಾಧ್ಯ ಆದ್ರೆ ಐದು ಗಂಟೆಗೆ ಹೋಗಿ ಎದುರುಗಡೆ ಮಕ್ಳ ಹತ್ರ ಒಂದ್ಸಲ ಓದ್ಸಿ. ಯುಪಿಐ ನಡೆಯುತ್ತೆ, ಗಾಡಿ ನಿಲ್ಸೋಕೆ ಜಾಗ ಇಲ್ಲ, ಮಧ್ಯಾಹ್ನ ಎರಡರಿಂದ ಮೂರು ಊಟದ ಟೈಮು, ಭಾನುವಾರ ರಜಾ. ದ್ಯ ಸ್ಟಿಕ್ಕರ್ ಇನ್ನೂ ಒಂದಿಷ್ಟು ಉಳ್ಕೊಂಡಿದೆ, ಕೌಂಟರಲ್ಲಿ ಪಿನ್ ಡಬ್ಬಿ ಪಕ್ಕ ಇಟ್ಟಿದ್ದಾರೆ, ಬೇಕಾದ್ರೆ ಕೇಳಿ. ಗುರುತು: ಎಡಕ್ಕೆ ಬೇಕರಿ, ಬಲಕ್ಕೆ ಸೈಕಲ್ ಶಾಪ್, ಮಧ್ಯದಂಗಡಿ.