ಐದು ಪದರದ ರೆಡಿಮೇಡ್ ಟುಟು: ‘ಜಿಸೆಲ್’ ಎರಡನೇ ಅಂಕಕ್ಕೆ ಸಾಕಾದೀತೇ?

ಆನ್‌ಲೈನ್‌ನಲ್ಲಿ ‘ರೊಮ್ಯಾಂಟಿಕ್ ಟುಟು’ (ಬ್ಯಾಲೆ ನೃತ್ಯದ ಉದ್ದ ನೆಟ್ ಸ್ಕರ್ಟ್) ಎಂದು ಹುಡುಕಿದರೆ ಸಿಗುವ ಬಿಳಿ ಸ್ಕರ್ಟ್‌ಗಳು ಬಹುತೇಕ ಒಂದೇ ಅಚ್ಚಿನವು. ನಾಲ್ಕು ಸೆಂ.ಮೀ. ಅಗಲದ ಎಲಾಸ್ಟಿಕ್ ಸೊಂಟಪಟ್ಟಿ, ಅದಕ್ಕೇ ನೇರವಾಗಿ ಹೊಲಿದ ಐದು ಪದರ ನೈಲಾನ್ ನೆಟ್, ಒಳಗೆ ಸ್ಯಾಟಿನ್ ಲೈನಿಂಗ್, ಅಳತೆ ‘ಫ್ರೀ ಸೈಜ್’. ತರಗತಿಯಲ್ಲಿ ಉದ್ದ ಸ್ಕರ್ಟ್ ರೂಢಿ ಮಾಡಿಕೊಳ್ಳಲು ಇದು ಧಾರಾಳವಾಗಿ ಸಾಕು. ‘ಜಿಸೆಲ್’ ಬ್ಯಾಲೆಯ ಎರಡನೇ ಅಂಕಕ್ಕೋ ‘ಲಾ ಸಿಲ್ಫೀದ್’ ಬ್ಯಾಲೆಯ ಒಂದು ತುಣುಕಿಗೋ ಹಾಗೇ ಉಟ್ಟು ವೇದಿಕೆ ಹತ್ತಿದರೆ ಸಾಲದು. ಯಾಕೆ ಸಾಲದು ಎಂಬುದು ತಿಳಿಯಬೇಕಾದರೆ ಈ ಉಡುಪು ಹುಟ್ಟಿದ ವೇದಿಕೆಯನ್ನೇ ನೋಡಬೇಕು.

1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ಮಾರಿ ತಾಗ್ಲಿಯೋನಿ ‘ಲಾ ಸಿಲ್ಫೀದ್’ ಆಡಿದರು. ನೃತ್ಯ ಸಂಯೋಜನೆ ಅವರ ತಂದೆ ಫಿಲಿಪ್ಪೊ ತಾಗ್ಲಿಯೋನಿಯವರದು. ಉಡುಪಿನ ವಿನ್ಯಾಸದ ಶ್ರೇಯಸ್ಸನ್ನು ಸಾಮಾನ್ಯವಾಗಿ ಯೂಜೀನ್ ಲಾಮಿ ಅವರಿಗೆ ಕೊಡುತ್ತಾರೆ. ಮೈಗೆ ಅಂಟಿದ ಕುಪ್ಪಸ, ತೆರೆದ ಕತ್ತು ಮತ್ತು ಹೆಗಲು, ಬೆನ್ನಿಗೆ ಎರಡು ಪುಟ್ಟ ರೆಕ್ಕೆ, ಸೊಂಟದಿಂದ ಮೀನಖಂಡದವರೆಗೆ ಗಂಟೆಯಾಕಾರದಲ್ಲಿ ಇಳಿಯುವ ತೆಳು ಬಿಳಿ ಪದರಗಳು. ಒಪೆರಾಗೆ ಗ್ಯಾಸ್ ದೀಪ ಬಂದು ಆಗಲೇ ಹತ್ತು ವರ್ಷವಾಗಿತ್ತು. ಹಿಂದಿನ ವರ್ಷ ‘ರೋಬೆರ್ ಲ ದ್ಯಾಬ್ಲ್’ ಒಪೆರಾದಲ್ಲಿ ಸತ್ತ ಸನ್ಯಾಸಿನಿಯರು ಎದ್ದು ಕುಣಿಯುವ ದೃಶ್ಯಕ್ಕೆ ಅದೇ ಬೆಳಕಿನಿಂದ ಬೆಳದಿಂಗಳು ತರಿಸಿದ್ದರು. ಗ್ಯಾಸ್ ಬೆಳಕು ಒಂದರ ಹಿಂದೊಂದಿರುವ ತೆಳು ಪದರಗಳನ್ನು ಹಾದು ಬಂದಾಗ ಅಂಚು ಮಸುಕಾಗಿ, ಕಾಲು ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯಿತು ಎಂಬುದು ತಿಳಿಯುತ್ತಿರಲಿಲ್ಲ. 1841ರಲ್ಲಿ ಕಾರ್ಲೊಟ್ಟಾ ಗ್ರಿಸಿ ‘ಜಿಸೆಲ್’ ಆಡಿದಾಗಲೂ, 1845ರಲ್ಲಿ ಲಂಡನ್ನಿನಲ್ಲಿ ತಾಗ್ಲಿಯೋನಿ, ಗ್ರಿಸಿ, ಚೆರ್ರಿಟೊ, ಗ್ರಾನ್ ನಾಲ್ವರೂ ಕೂಡಿ ‘ಪಾ ದ ಕಾತ್ರ್’ ಆಡಿದಾಗಲೂ ಸ್ಕರ್ಟ್ ಇದೇ ಬಗೆಯದು.

ಅಂದಿನ ಬಟ್ಟೆ ಹತ್ತಿಯ ಮಸ್ಲಿನ್, ಗಂಜಿ ಹಾಕಿದ ಟಾರ್ಲಟನ್, ಜೊತೆಗೆ ಯಂತ್ರದ ನೆಟ್. ಜಾನ್ ಹೀತ್‌ಕೋಟ್ 1808–09ರಲ್ಲಿ ಪೇಟೆಂಟ್ ಪಡೆದ ಬಾಬಿನ್‌ನೆಟ್ ಯಂತ್ರ ಬಂದ ಮೇಲಷ್ಟೇ ಇಷ್ಟು ಅಗಲದ ನೆಟ್ಟನ್ನು ಇಷ್ಟು ಮೀಟರ್‌ಗಟ್ಟಲೆ ಬಳಸುವುದು ಕೈಗೆಟುಕಿದ್ದು. ಗಂಜಿಯ ಹತ್ತಿ ಪದರಗಳು ಒಂದಕ್ಕೊಂದು ಅಂಟುವುದಿಲ್ಲ, ನಡುವೆ ಗಾಳಿ ನಿಲ್ಲುತ್ತದೆ. ಜಿಗಿದಾಗ ಸ್ಕರ್ಟ್ ತಡವಾಗಿ ಏಳುತ್ತದೆ, ಕಾಲು ನೆಲ ಮುಟ್ಟಿದ ಮೇಲೂ ಅರೆಕ್ಷಣ ಇಳಿಯುತ್ತಲೇ ಇರುತ್ತದೆ. ಇಳಿಯುವಿಕೆ ಹಗುರವಾಗಿ ಕಾಣುವುದರಲ್ಲಿ ಅರ್ಧ ಕೆಲಸ ಈ ಅಂತರದ್ದು.

ರೆಡಿಮೇಡ್ ಸ್ಕರ್ಟ್ ಎಡವುವುದು ಇಲ್ಲೇ. ಸೊಂಟಪಟ್ಟಿಯನ್ನು ತಿರುವಿ ನೋಡಿ: ಐದೂ ಪದರವನ್ನು ಒಟ್ಟಿಗೆ ಹಿಡಿದು ಒಂದೇ ಹೊಲಿಗೆಯಲ್ಲಿ ಎಲಾಸ್ಟಿಕ್‌ಗೆ ಸೇರಿಸಿರುತ್ತಾರೆ. ನೆರಿಗೆಯ ದಪ್ಪವೆಲ್ಲ ಸೊಂಟದ ಮೇಲೇ ಕೂರುತ್ತದೆ, ಅದರ ಕೆಳಗೆ ಪದರಗಳು ಒಂದೇ ಗಂಟಾಗಿ ಜೋತು ಬೀಳುತ್ತವೆ. ಪದರದ ಸುತ್ತಳತೆ ಮೂರು ಮೀಟರ್ ಇದ್ದರೆ ಹೆಚ್ಚು. ವೇದಿಕೆಯ ಸ್ಕರ್ಟ್‌ಗೆ ಆರು ಬೇಕು. ನೈಲಾನ್ ನುಣುಪು, ಜೊತೆಗೆ ಸ್ಥಿರ ವಿದ್ಯುತ್ತು ಹಿಡಿಯುತ್ತದೆ. ಜನವರಿಯ ಒಣ ಹವೆಯಲ್ಲಿ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಉಟ್ಟರೆ ಒಳಪದರ ಸೀದಾ ಟೈಟ್ಸ್‌ಗೆ ಅಂಟಿಕೊಳ್ಳುತ್ತದೆ. ಕೊನೆಯ ಸಲ ಜಾಲಿಸುವ ನೀರಿಗೆ ಒಂದು ಚಮಚ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ.

ಸ್ಯಾಟಿನ್ ಲೈನಿಂಗ್ ಇರಲೇಬಾರದು, ಬೆಳಕನ್ನು ಪೂರ್ತಿ ತಡೆಯುತ್ತದೆ. ಬ್ಲೇಡಿನಿಂದ ಬಿಡಿಸಿ ತೆಗೆಯಿರಿ. ಮಿನುಗು ಅಂಟಿಸಿದ ನೆಟ್ ಆಗಿದ್ದರೆ ಕೊಳ್ಳಲೇಬೇಡಿ. ಕೆಲವರು ಪದರ ಚದುರದಿರಲೆಂದು ಅಂಚಿನ ಹತ್ತಿರ ದಾರದಿಂದ ಅಲ್ಲಲ್ಲಿ ಹಿಡಿದಿರುತ್ತಾರೆ. ಅದು ತಟ್ಟೆಯಂತೆ ಅಡ್ಡ ನಿಲ್ಲುವ ಗಿಡ್ಡ ಕ್ಲಾಸಿಕಲ್ ಟುಟುವಿನ ಕ್ರಮ. ಉದ್ದ ಸ್ಕರ್ಟ್‌ನಲ್ಲಿ ಪದರಗಳ ಓಡಾಟವನ್ನೇ ಕಟ್ಟಿಹಾಕುತ್ತದೆ, ಆ ದಾರಗಳನ್ನೆಲ್ಲ ಕತ್ತರಿಸಿ.

ಇಷ್ಟಾದರೂ ಇದನ್ನು ಎಸೆಯಬೇಕಾಗಿಲ್ಲ. ಒಂದೇ ಮಾದರಿಯ ಎರಡು ಸ್ಕರ್ಟ್ ಕೊಂಡು ಒಂದು ಮಾಡುವುದು ಒಳ್ಳೆಯ ದಾರಿ. ಎರಡರದೂ ಎಲಾಸ್ಟಿಕ್ ಕತ್ತರಿಸಿ, ಮೂರು ಮೀಟರ್‌ನ ಹತ್ತು ಪದರಗಳನ್ನು ಜೋಡಿಸಿದರೆ ಆರು ಮೀಟರ್‌ನ ಐದು ಪದರ ಸಿಗುತ್ತವೆ. ನೆಟ್ ಎಳೆ ಬಿಡುವುದಿಲ್ಲವಾದ್ದರಿಂದ ಅಂಚು ಮಡಿಸದೆ ಒಂದು ಸೆಂ.ಮೀ. ಮೇಲೊಂದು ಹಾಕಿ ಹೊಲಿದರೆ ಜೋಡಣೆ ಕಾಣುವುದಿಲ್ಲ. ಹೊಸ ನೆಟ್ ತರುವವರು 150 ಸೆಂ.ಮೀ. ಅಗಲದ್ದನ್ನು ಹದಿನೈದು ಮೀಟರ್ ತಂದು ಉದ್ದಕ್ಕೆ ಸೀಳಿದರೆ 75 ಸೆಂ.ಮೀ. ಅಗಲದ ಮೂವತ್ತು ಮೀಟರ್ ಪಟ್ಟಿ ಬರುತ್ತದೆ, ಜೋಡಣೆಯ ಗೋಜೇ ಇಲ್ಲ.

ಮುಖ್ಯ ಕೆಲಸ ಯೋಕ್. ದಪ್ಪ ಹತ್ತಿ ಬಟ್ಟೆಯಲ್ಲಿ, ಸೊಂಟದಿಂದ ಕೆಳಕ್ಕೆ ಹತ್ತು ಸೆಂ.ಮೀ. ಆಳದ, ಸೊಂಟ ಮತ್ತು ನಿತಂಬದ ಅಳತೆಗೆ ಕೂರುವ ಪಟ್ಟಿ. ಹಿಂಬದಿಯಲ್ಲಿ ಜಿಪ್ ಬೇಡ, ನೆಟ್ ಕಚ್ಚಿಕೊಂಡು ಪ್ರದರ್ಶನದ ಹೊತ್ತಿಗೇ ಕೈಕೊಡುತ್ತದೆ. ಕೊಕ್ಕೆಗಳಿರಲಿ, ಎರಡು ಸಾಲು ಕಣ್ಣುಗಳಿದ್ದರೆ ಮೈ ಅಳತೆ ಬದಲಾದರೂ ಹೊಂದುತ್ತದೆ. ನೆರಿಗೆ ಹಿಡಿಯಲು ಬರಿ ದಾರ ಎಳೆದರೆ ಆರು ಮೀಟರ್ ನೆಟ್‌ನ ಭಾರಕ್ಕೆ ಪಟ್ಟೆಂದು ಹರಿಯುತ್ತದೆ. ಸಣ್ಣ ನೈಲಾನ್ ಹುರಿಯೊಂದನ್ನು ಇಟ್ಟು ಅದರ ಮೇಲೆ ಜಿಗ್‌ಜಾಗ್ ಹೊಲಿದು, ಹುರಿಯನ್ನು ಎಳೆಯಿರಿ. ಯೋಕ್‌ನಲ್ಲಿ ಎಂಟು ಗುರುತು, ನೆಟ್‌ನಲ್ಲಿ ಎಂಟು ಗುರುತು ಹಾಕಿ ಸರಿಹೊಂದಿಸಿದರೆ ನೆರಿಗೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು ಆಗುವುದಿಲ್ಲ. ಒಳಪದರದಿಂದ ಶುರುಮಾಡಿ, ಪ್ರತಿ ಪದರವನ್ನು ಹಿಂದಿನದಕ್ಕಿಂತ ಒಂದು ಸೆಂ.ಮೀ. ಮೇಲೆ ಹೊಲಿಯುತ್ತ ಬನ್ನಿ. ದಪ್ಪ ಹಂಚಿಹೋಗುವುದು ಇದರಿಂದಲೇ.

ಐದೂ ಪದರ ಒಂದೇ ಮೆದುವಾಗಿರುವುದು ಇನ್ನೊಂದು ಕೊರತೆ. ಲೆಹೆಂಗಾಗೆ ಟೈಲರ್‌ಗಳು ಹಾಕುವ ಕ್ಯಾನ್‌ಕ್ಯಾನ್ ನೆಟ್ಟನ್ನು ಮೂವತ್ತು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಒಳಗಿನ ಮೊದಲ ಮತ್ತು ಎರಡನೇ ಪದರದ ನಡುವೆ ಸೇರಿಸಿದರೆ ಗಂಟೆಯ ಆಕಾರ ಬರುತ್ತದೆ. ಅದನ್ನೇ ತೀರ ಒಳಗೆ ಹಾಕಿದರೆ ಟೈಟ್ಸ್ ಗೀರಿ ಹೋಗುತ್ತದೆ, ಕ್ಯಾನ್‌ಕ್ಯಾನ್ ಪೂರ್ತಿ ಉದ್ದಕ್ಕಿದ್ದರೆ ಅರಬೆಸ್ಕ್‌ನಲ್ಲಿ (ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಭಂಗಿ) ಸ್ಕರ್ಟ್ ಕಾಲಿನ ಗೆರೆ ಹಿಡಿಯದೆ ಕೊಡೆಯಂತೆ ಬಿಡಿಸಿಕೊಳ್ಳುತ್ತದೆ.

ಉದ್ದವನ್ನು ಸೊಂಟದಿಂದ ಅಳೆಯಬೇಡಿ, ನೆಲದಿಂದ ಅಳೆಯಿರಿ. 160 ಸೆಂ.ಮೀ. ಎತ್ತರದವರಿಗೆ ಅಂಚು ನೆಲದಿಂದ ಸುಮಾರು ಮೂವತ್ತು ಸೆಂ.ಮೀ. ಮೇಲಿರಲಿ. ಕಣಕಾಲು ಮುಚ್ಚಿದರೆ ಬೂರೆಯ ಪುಟ್ಟ ಹೆಜ್ಜೆಗಳು ಕಾಣುವುದಿಲ್ಲ, ಹಿಂದಕ್ಕೆ ಸರಿಯುವಾಗ ಹಿಮ್ಮಡಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ‘ಜಿಸೆಲ್’ ಎರಡನೇ ಅಂಕದ ಪ್ರೇತಕನ್ಯೆಯರಾದ ವಿಲಿಗಳ ಗುಂಪಿನಲ್ಲಿ ಎಲ್ಲರ ಅಂಚೂ ಒಂದೇ ಮಟ್ಟದಲ್ಲಿರಬೇಕಾದ್ದರಿಂದ ನೆಲದ ಅಳತೆಯೇ ಆಧಾರ. ಒಳಪದರಗಳನ್ನು ಮೂರು ಸೆಂ.ಮೀ. ಗಿಡ್ಡ ಮಾಡಿ, ಹೊರಪದರ ಮುಚ್ಚಿಕೊಳ್ಳುತ್ತದೆ.

ಬಣ್ಣದ ಮಾತು. ಅಂಗಡಿಯ ಬಿಳಿ ಎಲ್‌ಇಡಿ ಬೆಳಕಿನಲ್ಲಿ ನೀಲಿಯಾಗಿ ಕಣ್ಣು ಕುಕ್ಕುತ್ತದೆ. ಲೀಟರ್ ಬಿಸಿನೀರಿಗೆ ಎರಡು ಚಮಚ ಚಹಾಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ ಮೊದಲು ಒಂದು ತುಂಡು ಅದ್ದಿ ನೋಡಿ. ನೈಲಾನ್ ಬಣ್ಣ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಒದ್ದೆ ಮಾಡದೆ ಇಳಿಸಿದರೆ ಕಲೆ ಕಲೆಯಾಗುತ್ತದೆ.

ಬೆಂಕಿಯ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. 1844ರ ಡಿಸೆಂಬರ್‌ನಲ್ಲಿ ಲಂಡನ್ನಿನ ಡ್ರೂರಿ ಲೇನ್ ವೇದಿಕೆಯ ದೀಪ ತಗುಲಿ ನರ್ತಕಿ ಕ್ಲಾರಾ ವೆಬ್‌ಸ್ಟರ್ ಸತ್ತರು. 1862ರ ನವೆಂಬರ್‌ನಲ್ಲಿ ಪ್ಯಾರಿಸ್ ಒಪೆರಾದ ರಿಹರ್ಸಲ್‌ನಲ್ಲಿ ತಾಗ್ಲಿಯೋನಿಯವರ ಶಿಷ್ಯೆ ಎಮ್ಮಾ ಲಿವ್ರಿ ಅವರ ಸ್ಕರ್ಟ್ ಗ್ಯಾಸ್ ದೀಪಕ್ಕೆ ಹತ್ತಿಕೊಂಡಿತು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಬಿರುಸಾಗಿ ಮಂಕಾಗುತ್ತದೆಂದು ಅವರು ಅದನ್ನು ಒಲ್ಲೆ ಎಂದಿದ್ದರು. ಎಂಟು ತಿಂಗಳು ನರಳಿ 20ನೇ ವಯಸ್ಸಿನಲ್ಲಿ ತೀರಿಕೊಂಡರು. ನೈಲಾನ್ ಕರಗಿ ಚರ್ಮಕ್ಕೇ ಅಂಟುತ್ತದೆ. ನಮ್ಮಲ್ಲಿ ಕಾರ್ಯಕ್ರಮ ಶುರುವಾಗುವುದು ದೀಪ ಬೆಳಗಿ. ಆ ದೀಪಸ್ತಂಭ ವೇದಿಕೆಯ ಅಂಚಿನಲ್ಲೇ ಉರಿಯುತ್ತಿರುವಾಗ ಈ ಸ್ಕರ್ಟ್ ಉಟ್ಟವರು ಪಕ್ಕದಲ್ಲಿ ಸುಳಿಯಬಾರದು. ಬ್ಯಾಲೆ ಶುರುವಾಗುವ ಮೊದಲು ದೀಪವನ್ನು ವೇದಿಕೆಯಿಂದ ಕೆಳಗಿಳಿಸಲು ಸಂಘಟಕರಿಗೆ ಮುಂಚೆಯೇ ಹೇಳಿಡಿ.

ತಣ್ಣೀರಿನಲ್ಲಿ ಕೈಯಿಂದ ತೊಳೆಯಿರಿ, ಹಿಂಡಬೇಡಿ. ಇಸ್ತ್ರಿ ತಾಗಿದರೆ ನೆಟ್ ಕರಗುತ್ತದೆ, ಹಬೆ ಸಾಕು. ಯೋಕ್ ಹಿಡಿದು ನೇತುಹಾಕಿದರೆ ಸುಕ್ಕು ತಾನೇ ಬಿಡುತ್ತದೆ.