ಪೋಕೆಮಾನ್ ಕಾರ್ಡ್: ಫಿಕ್ಸ್ ರೇಟಾ, ಹರಾಜಾ, ಅದಲು ಬದಲಾ?

ನನ್ನ ವೋಟು ಫಿಕ್ಸ್ ರೇಟಿಗೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಪೋಕೆಮಾನ್ ಕಾರ್ಡುಗಳ ವ್ಯವಹಾರ ಮೂರು ಥರ ನಡೆಯುತ್ತದೆ. ರೇಟು ಹಾಕಿ ಮಾರುವುದು, ಹರಾಜು, ಕಾರ್ಡಿಗೆ ಕಾರ್ಡು ಅದಲು ಬದಲು. ಮೂರನ್ನೂ ಮಾಡಿ ನೋಡಿದ್ದೇನೆ. ಇತ್ತೀಚೆಗೆ ಹರಾಜಿನಲ್ಲಿ ಒಂದು ಹಳೇ ಹೋಲೋ ಕಾರ್ಡ್ (ಚಿತ್ರ ಫಳಫಳ ಹೊಳೆಯುವಂಥದ್ದು) ಹಿಡಿದ ಮೇಲಂತೂ ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದೇನೆ.

(ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳ ಮಾತು ಇಲ್ಲಿ ಇಲ್ಲ. ಅವು ನಕಲಿ. ಮಕ್ಕಳು ಆಡಿಕೊಳ್ಳಲಿ. ಅದನ್ನೇ ರೇರ್ ಅಂತ ಗ್ರೂಪಿಗೆ ಹಾಕುವವರನ್ನು ಅಡ್ಮಿನ್ ಆಚೆ ಕಳಿಸಿದರೆ ನನಗೇನೂ ಬೇಜಾರಿಲ್ಲ.)

ಫಿಕ್ಸ್ ರೇಟಿನಲ್ಲಿ ಎಲ್ಲ ಮುಂಚೆಯೇ ಬಯಲಾಗಿರುತ್ತದೆ. ಸರಿಯಾಗಿ ಮಾರುವವರು ಕಾರ್ಡಿನ ಮುಂದೆ, ಹಿಂದೆ ಎರಡೂ ಫೋಟೋ ಹಾಕುತ್ತಾರೆ. ಪಕ್ಕದಲ್ಲಿ ತಮ್ಮ ಹೆಸರು, ಆವತ್ತಿನ ತಾರೀಕು ಬರೆದ ಚೀಟಿ ಇರುತ್ತದೆ, ಇಂಟರ್‌ನೆಟ್ಟಿನಿಂದ ಕದ್ದ ಫೋಟೋ ಅಲ್ಲ ಎಂದು ಗೊತ್ತಾಗಲಿ ಅಂತ. ಕಂಡೀಷನ್ ಏನು, ರೇಟು ಎಷ್ಟು, ಪೋಸ್ಟ್ ಖರ್ಚು ಸೇರಿದೆಯಾ ಇಲ್ವಾ, ಅಷ್ಟೂ ಅಲ್ಲೇ ಇರುತ್ತದೆ. ಮೊದಲು ‘ಕ್ಲೇಮ್’ ಎಂದವರಿಗೆ ಕಾರ್ಡು. ‘ಆಸಕ್ತಿ ಇದೆ ಬ್ರೋ’ ಎಂದು ಬರೆದರೆ ಅದು ಕ್ಲೇಮ್ ಅಲ್ಲ.

ಚೌಕಾಸಿ ತಪ್ಪೇನಲ್ಲ. ಪರ್ಸನಲ್ ಆಗಿ ಒಂದು ಸಲ ಕೇಳಿ, ಆಗಲ್ಲ ಎಂದರೆ ಸುಮ್ನೆ ಆಗಬೇಕು. ಬೇರೆಯವರ ಪೋಸ್ಟಿನ ಕೆಳಗೆ ‘ಇದು ಇನ್ನೂ ಕಮ್ಮಿಗೆ ಸಿಗುತ್ತೆ’ ಎಂದು ಬರೆಯುವ ಮಹಾಶಯರು ತಾವು ಕೊಳ್ಳುವುದೂ ಇಲ್ಲ, ಕೊಳ್ಳುವವರನ್ನು ಬಿಡುವುದೂ ಇಲ್ಲ. ಇನ್ನೊಬ್ಬರು ಕ್ಲೇಮ್ ಮಾಡಿದ ಮೇಲೆ ಮಾರುವವರ ಇನ್‌ಬಾಕ್ಸಿಗೆ ಹೋಗಿ ‘ನೂರು ಜಾಸ್ತಿ ಕೊಡ್ತೀನಿ’ ಎನ್ನುವುದು ಇನ್ನೂ ಕೆಟ್ಟ ಚಾಳಿ. ಅದಕ್ಕೆ ಒಪ್ಪಿ ಮಾರುವವರೂ ಅಷ್ಟೇ.

ರೇಟಿನ ಬಗ್ಗೆ ಒಂದೇ ಮಾತು. ಇಬೇ ಎಂಬ ಆನ್‌ಲೈನ್ ಮಾರಾಟದ ಸೈಟಿನಲ್ಲಿ ಯಾರೋ ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಎರಡನೆಯದನ್ನು ನೋಡಿ.

ಇನ್ನು ಹರಾಜು. ಹೋಲೋ ಕಾರ್ಡಿನ ಗೀರು ನೇರವಾಗಿ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ. ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು, ಬೆಳಕಿನ ಕೆಳಗೆ ಕಾರ್ಡನ್ನು ಓರೆಯಾಗಿ ಆಡಿಸಬೇಕು. ಆಗ ಚಿತ್ರದ ಹೊಳಪಿನ ಮೇಲೆ ಕೂದಲೆಳೆಯಂಥ ಗೆರೆಗಳು ಎದ್ದು ಬರುತ್ತವೆ. ಹಿಂಬದಿ ನೀಲಿ ಬಣ್ಣ. ಅಂಚು ಸವೆದಲ್ಲೆಲ್ಲ ಬಿಳಿ ಕಾಗದ ಇಣುಕುತ್ತದೆ, ಮೂಲೆಗಳಲ್ಲಿ ಜಾಸ್ತಿ. ನಿಯರ್ ಮಿಂಟಾ (ಹೆಚ್ಚುಕಮ್ಮಿ ಹೊಸದರಂತೆ), ಲೈಟ್ಲಿ ಪ್ಲೇಡಾ (ಸ್ವಲ್ಪ ಸವೆದದ್ದು) ಎಂಬುದು ಇಂಥ ಗೆರೆ, ಚುಕ್ಕೆಗಳ ಮೇಲೆ ನಿಂತಿರುತ್ತದೆ. ರೇಟೂ ಅದರ ಮೇಲೇ.

ನಾನು ಬಿಡ್ ಮಾಡಿದ ಕಾರ್ಡಿಗೆ ನಿಯರ್ ಮಿಂಟ್ ಎಂದು ಬರೆದಿತ್ತು. ಫೋಟೋ ಮಾತ್ರ ಸ್ಲೀವ್ ಒಳಗಿಂದ, ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು. ಓರೆ ಮಾಡಿದ ವಿಡಿಯೋ ಬೇಕು ಎಂದು ಗ್ರೂಪಿನಲ್ಲೇ ಕೇಳಿದೆ. ‘ಬೆಳಿಗ್ಗೆ ಕಳಿಸ್ತೀನಿ ಗುರು’ ಎಂದು ಉತ್ತರ ಬಂತು. ಹರಾಜು ಮುಗಿಯುವುದು ರಾತ್ರಿ ಹತ್ತಕ್ಕೆ! ಇನ್ನೊಮ್ಮೆ ಕೇಳಿದರೆ ಬೇರೆ ಯಾರೋ ‘ಹರಾಜಿನ ಮಧ್ಯೆ ಪ್ರಶ್ನೆ ಬೇಡ, ಬಿಡ್ ಮಾತ್ರ ಹಾಕಿ’ ಎಂದರು. ಮಾರುವವರು ತಾವೇ ನಿಯರ್ ಮಿಂಟ್ ಎಂದಿದ್ದಾರಲ್ಲ ಎಂದು ಬಿಡ್ ಹಾಕಿದೆ, ಕಾರ್ಡು ನನಗೇ ಬಂತು.

ಬೆಳಿಗ್ಗೆ ವಿಡಿಯೋ ಬಂತು. ಚಿತ್ರದ ಅಡ್ಡಕ್ಕೆ ಉದ್ದ ಗೀರು, ಹಿಂದೆ ಎರಡು ಮೂಲೆ ಬಿಳಿ. ಬೇಡ ಎಂದರೆ ಬಿಡ್ ಹಾಕಿ ಓಡಿಹೋದವನು ಎಂಬ ಹೆಸರು, ಮೇಲೆ ಗ್ರೂಪಿನಿಂದ ಹೊರಗೆ. ಅಡ್ಮಿನ್ ಹೇಳಿದ್ದೂ ಅದೇ, ಬಿಡ್ ಅಂದರೆ ಬಿಡ್. ಕೊಳ್ಳುವವನು ಮಾತಿಗೆ ತಪ್ಪಬಾರದು, ಸರಿ. ಮಾರುವವನು ಬರೆದ ‘ನಿಯರ್ ಮಿಂಟ್’ ಕೂಡ ಮಾತೇ ಅಲ್ವಾ? ಅದಕ್ಕೆ ಮಾತ್ರ ನಿಯಮ ಇರಲಿಲ್ಲ. ದುಡ್ಡು ಕೊಟ್ಟೆ.

ಫಿಕ್ಸ್ ರೇಟಿನಲ್ಲಿ ಈ ಪೇಚು ಬರುವುದಿಲ್ಲ. ವಿಡಿಯೋ ಬರುವವರೆಗೆ ನಾನು ಕ್ಲೇಮ್ ಎನ್ನುವುದೇ ಇಲ್ಲ. ಅಷ್ಟರಲ್ಲಿ ಬೇರೆಯವರು ತಗೊಂಡರೆ ತಗೊಳ್ಳಲಿ, ಗೀರೂ ಅವರಿಗೇ ಸೇರಲಿ. ಹರಾಜು ಮಾಡಲೇಬೇಕು ಎನ್ನುವವರು ಮೊದಲ ಬಿಡ್‌ಗಿಂತ ಮುಂಚೆಯೇ ವಿಡಿಯೋ ಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕೊನೇ ನಿಮಿಷದ ಬಿಡ್ ಇನ್ನೊಂದು ತಲೆನೋವು. ನೆಟ್‌ವರ್ಕ್ ನಿಧಾನವಾದರೆ ಮೆಸೇಜುಗಳ ಸಾಲು ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ಇಬ್ಬರೂ ಸ್ಕ್ರೀನ್‌ಶಾಟ್ ಹಿಡಿದು ಕೂರುತ್ತಾರೆ. ಕ್ಲೇಮ್‌ನಲ್ಲೂ ಇದು ಆಗುತ್ತದೆ, ಇಲ್ಲ ಎನ್ನುವುದಿಲ್ಲ. ಮಾರುವವರ ಫೋನಿನಲ್ಲಿ ಕಂಡದ್ದೇ ಕೊನೆ ಎಂದು ಮೊದಲೇ ಹೇಳಿಬಿಟ್ಟರೆ ಮುಗಿಯಿತು.

ಅದಲು ಬದಲು ಖುಷಿಯ ಕೆಲಸ, ಪರಿಚಯದವರ ಜೊತೆ ಮಾತ್ರ. ಯಾರು ಮೊದಲು ಕಳಿಸಬೇಕು ಎಂಬಲ್ಲೇ ಮಾತು ನಿಲ್ಲುತ್ತದೆ. ಗ್ರೂಪಿಗೆ ಹೊಸಬರು ಮೊದಲು ಕಳಿಸುವುದು ವಾಡಿಕೆ. ಇಬ್ಬರೂ ಹಳಬರಾದರೆ ಒಂದೇ ದಿನ ಪೋಸ್ಟ್ ಮಾಡಿ ರಸೀದಿಯ ಫೋಟೋ ಹಂಚಿಕೊಳ್ಳುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ಗೆ ಸೇರಿಹೋದ ಮೇಲೆ ನಾನು ಕಳಿಸುವುದೆಲ್ಲ ಸ್ಪೀಡ್ ಪೋಸ್ಟ್‌ನಲ್ಲೇ, ಟ್ರ್ಯಾಕಿಂಗ್ ನಂಬರ್ ಸಿಗುತ್ತದೆ.

ದುಡ್ಡಿನ ವಿಷಯದಲ್ಲಿ ಮೂರಕ್ಕೂ ಒಂದೇ ಅಪಾಯ. ಯುಪಿಐನಲ್ಲಿ ಕಳಿಸಿದ್ದು ನೇರ ಅವರ ಖಾತೆಗೆ. ಕಾರ್ಡು ಬರಲಿಲ್ಲ ಅಂತ ಒಂದು ಬಟನ್ ಒತ್ತಿ ವಾಪಸ್ ತರಿಸಿಕೊಳ್ಳಲು ಆಗಲ್ಲ. ಹಾಗಾಗಿ ಹೊಸಬರಿಂದ ಕೊಳ್ಳುವ ಮುಂಚೆ ಅವರ ಜೊತೆ ವ್ಯವಹಾರ ಮಾಡಿದ ಇಬ್ಬರನ್ನಾದರೂ ಕೇಳುತ್ತೇನೆ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಹತ್ತಿರ ಕೊಳ್ಳುವುದಿಲ್ಲ.

ಪ್ಯಾಕಿಂಗ್: ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವರ್), ಎರಡೂ ಕಡೆ ರಟ್ಟು. ಟಾಪ್‌ಲೋಡರ್ ಬಾಯಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಬಿಚ್ಚಲು ತುದಿ ಮಡಚಿ. ದಯವಿಟ್ಟು ಸೆಲ್ಲೋಟೇಪ್ ಬೇಡ. ನನ್ನ ಹರಾಜಿನ ಕಾರ್ಡು ಬಂದದ್ದು ಅದರಲ್ಲೇ, ಮೂರು ಸುತ್ತು.

ನನ್ನ ಬಜೆಟ್ ತಿಂಗಳಿಗೆ ಎರಡು ಸಾವಿರ, ರಾತ್ರಿ ಹತ್ತಕ್ಕೆ ನಿದ್ದೆ. ಎರಡಕ್ಕೂ ಹರಾಜು ಹೊಂದುವುದಿಲ್ಲ. ಬೆಲೆ ಎಷ್ಟೆಂದು ಯಾರಿಗೂ ತಿಳಿಯದ ಅಪರೂಪದ ಕಾರ್ಡು ಮಾರುವವರಿಗೆ ಅದೇ ಸರಿ ಇರಬಹುದು. ಕಾರ್ಡಿನ ಕಂಡೀಷನ್ ನೋಡಿ ಗ್ರೇಡ್ ಕೊಡುವ ಪಿಎಸ್‌ಎ ಕಂಪನಿಯಿಂದ ಗ್ರೇಡ್ ಆಗಿ ಡಬ್ಬಿಯಲ್ಲಿ ಸೀಲ್ ಆದ ಕಾರ್ಡಾದರೆ ನಾನೂ ಬಿಡ್ ಹಾಕುತ್ತಿದ್ದೆ. ಕಂಡೀಷನ್ ಬಗ್ಗೆ ವಾದ ಇಲ್ಲ, ಸರ್ಟಿಫಿಕೇಟ್ ನಂಬರನ್ನು ಅವರ ಸೈಟಿನಲ್ಲಿ ಹಾಕಿ ನೋಡಿದರೆ ಆಯಿತು. ಆದರೆ ನನಗೆ ಬೇಕಾದ ಅಂಥ ಕಾರ್ಡುಗಳಿಗೆ ಎರಡು ಸಾವಿರದಲ್ಲಿ ಯಾರೂ ಮಾತೇ ಶುರು ಮಾಡುವುದಿಲ್ಲ.