ಸರ್ಚ್ ಎಂಜಿನ್ ತೋರಿಸಿದ ಅಂಕಿಗಳಿಂದ ಪ್ರತಿಸ್ಪರ್ಧಿಯನ್ನು ಅಳೆಯಲು ಹೋಗಿ ನಾನು ಮಾಡಿದ ಎಡವಟ್ಟು

ಪ್ರತಿಸ್ಪರ್ಧಿ ಕಂಪನಿಗಳ ಸ್ಥಿತಿಗತಿಯನ್ನು ಗೂಗಲ್‌ನಲ್ಲಿ ಹುಡುಕಿಯೇ ತಿಳಿದುಕೊಳ್ಳಬಹುದೆಂದು ಹೊರಟಿರುವವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಾನು ಸಿದ್ಧಪಡಿಸಿದ ಒಂದು ವರದಿಯನ್ನು ನಂಬಿ ನಮ್ಮ ಸಂಸ್ಥೆ ಆರು ತಿಂಗಳ ಕಾಲ ಜಾಹೀರಾತಿನ ಖರ್ಚನ್ನು ಅರ್ಧಕ್ಕೆ ಇಳಿಸಿತು. ಯಾವ ಪ್ರತಿಸ್ಪರ್ಧಿ ಈ ವ್ಯವಹಾರದಿಂದ ಹಿಂದೆ ಸರಿಯುತ್ತಿದೆ ಎಂದು ನಾನು ಬರೆದಿದ್ದೆನೋ ಅದೇ ಕಂಪನಿ, ಅದೇ ಆರು ತಿಂಗಳಲ್ಲಿ ಹೊಸ ಉತ್ಪನ್ನವನ್ನು ಹೊರತಂದು ನಮ್ಮ ಹಳೆಯ ಗ್ರಾಹಕರಲ್ಲಿ ಹಲವರನ್ನು ಸೆಳೆದುಕೊಂಡಿತು. ವರದಿಯಲ್ಲಿ ನಾನು ಕಟ್ಟಿ ಬರೆದ ಅಂಕಿ ಒಂದೂ ಇರಲಿಲ್ಲ. ಎಲ್ಲವೂ ಪರದೆಯ ಮೇಲೆ ಕಂಡದ್ದೇ. ಆ ಅಂಕಿಗಳು ಏನನ್ನು ಎಣಿಸುತ್ತವೆ ಎಂಬುದನ್ನು ಮಾತ್ರ ನಾನು ವಿಚಾರಿಸಿರಲಿಲ್ಲ.

ಕಚೇರಿಗಳ ಹಾಜರಾತಿ ಮತ್ತು ರಜೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಮಾರುವ ಸಣ್ಣ ಸಂಸ್ಥೆ ನಮ್ಮದು. ದುಬಾರಿ ಸಂಶೋಧನಾ ಸಾಧನಗಳಿಗೆ ಚಂದಾ ಕಟ್ಟುವ ಶಕ್ತಿ ಇರಲಿಲ್ಲವಾದ್ದರಿಂದ, ಈ ಹೊಣೆಯನ್ನು ನಾನೇ ಕೇಳಿ ಪಡೆದೆ. ಪ್ರತಿ ಸೋಮವಾರ ಬೆಳಿಗ್ಗೆ ಪ್ರತಿಸ್ಪರ್ಧಿಯ ಜಾಲತಾಣದ ವಿಳಾಸಕ್ಕೆ ಮೊದಲು ‘ಸೈಟ್:’ ಎಂಬ ಆಪರೇಟರ್ (ಆ ಒಂದೇ ತಾಣದ ಪುಟಗಳನ್ನು ತೋರಿಸು ಎಂದು ಸರ್ಚ್ ಎಂಜಿನ್‌ಗೆ ಹೇಳುವ ಸಂಕೇತಪದ) ಸೇರಿಸಿ ಹುಡುಕುವುದು, ‘ಸುಮಾರು ಇಷ್ಟು ಫಲಿತಾಂಶಗಳು’ ಎಂದು ಕಾಣುವ ಅಂಕಿಯನ್ನು ಎಕ್ಸೆಲ್ ಹಾಳೆಯಲ್ಲಿ ದಾಖಲಿಸುವುದು, ಆಮೇಲೆ ಅದರಿಂದ ಒಂದು ಗ್ರಾಫ್ ಎಳೆಯುವುದು, ಇದು ನನ್ನ ಕ್ರಮವಾಗಿತ್ತು. ಮೂರು ತಿಂಗಳಲ್ಲಿ ಆ ಅಂಕಿ ಐದನೆಯ ಒಂದು ಪಾಲಿಗಿಂತಲೂ ಕೆಳಗೆ ಇಳಿಯಿತು. ಪುಟಗಳನ್ನು ಒಂದೊಂದಾಗಿ ತೆಗೆದುಹಾಕುತ್ತಿದ್ದಾರೆ, ಅಂದರೆ ಅಂಗಡಿ ಮುಚ್ಚುವ ತಯಾರಿ ನಡೆದಿದೆ ಎಂದು ನಾನು ಅರ್ಥೈಸಿದೆ.

ಆ ‘ಸುಮಾರು’ ಎಂಬ ಪದವನ್ನು ನಾನು ಸೌಜನ್ಯದ ಮಾತೆಂದು ಭಾವಿಸಿದ್ದೇ ದೊಡ್ಡ ತಪ್ಪು. ಅದು ಎಣಿಕೆಯಲ್ಲ, ಒರಟು ಅಂದಾಜು; ಒಂದೇ ಹುಡುಕಾಟದ ಮೊದಲ ಪುಟದಲ್ಲಿ ಒಂದು ಅಂಕಿಯೂ ಹಲವು ಪುಟ ಮುಂದೆ ಹೋದಾಗ ಇನ್ನೊಂದು ಅಂಕಿಯೂ ಬರಬಹುದು. ಇಂಡೆಕ್ಸ್‌ನಲ್ಲಿರುವ, ಅಂದರೆ ಸರ್ಚ್ ಎಂಜಿನ್ ತನ್ನ ಪಟ್ಟಿಗೆ ಸೇರಿಸಿಕೊಂಡಿರುವ, ಎಲ್ಲ ಪುಟಗಳನ್ನೂ ‘ಸೈಟ್:’ ಹುಡುಕಾಟ ತೋರಿಸುತ್ತದೆಂಬ ಖಾತರಿ ಇಲ್ಲವೆಂದು ಗೂಗಲ್ ತಾನೇ ಹೇಳುತ್ತದೆ. ನಂಬಬಹುದಾದ ಲೆಕ್ಕ ಸಿಗುವುದು ಜಾಲತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ, ಅದೂ ನಮ್ಮದೇ ಜಾಲತಾಣದ ಮಟ್ಟಿಗೆ ಮಾತ್ರ. ಇನ್ನೊಂದು ಕಡೆ, ಪುಟವೊಂದು ಹುಡುಕಾಟದಲ್ಲಿ ಕಾಣದಿರುವುದಕ್ಕೂ ಅದು ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಪುಟದಲ್ಲಿ ‘ನೋಇಂಡೆಕ್ಸ್’ ಎಂಬ ಸೂಚನೆ ಇಟ್ಟರೆ ಅದು ಫಲಿತಾಂಶದಿಂದ ಮರೆಯಾಗುತ್ತದೆ. ಲಾಗಿನ್‌ನ ಹಿಂದಕ್ಕೆ ಸರಿಸಿದರೂ ಅಷ್ಟೇ. 1994ರಿಂದ ರೂಢಿಯಲ್ಲಿದ್ದು 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರ್ಜಾಲ ಮಾನದಂಡವಾಗಿ ದಾಖಲಾದ ‘ರೋಬಾಟ್ಸ್’ ಕಡತವು ಸರ್ಚ್ ಎಂಜಿನ್‌ನ ಕ್ರಾಲರ್‌ಗೆ (ಪುಟಗಳನ್ನು ತಾನಾಗಿ ಓದುತ್ತಾ ಹೋಗುವ ಪ್ರೋಗ್ರಾಂಗೆ) ಪುಟವನ್ನು ಓದಬೇಡವೆಂದು ಹೇಳುತ್ತದೆ, ಆದರೂ ಬೇರೆಯವರು ಆ ಪುಟಕ್ಕೆ ಲಿಂಕ್ ಕೊಟ್ಟಿದ್ದರೆ ವಿಳಾಸ ಮಾತ್ರ ಫಲಿತಾಂಶದಲ್ಲಿ ಕಾಣಿಸಿಕೊಳ್ಳಬಹುದು. ನಮ್ಮ ಪ್ರತಿಸ್ಪರ್ಧಿ ಮಾಡಿದ್ದೂ ಇಂಥದ್ದೇ. ನೂರಾರು ಚಿಕ್ಕ ಸಹಾಯ ಪುಟಗಳನ್ನು ಒಗ್ಗೂಡಿಸಿ, ಉಳಿದವನ್ನು ಗ್ರಾಹಕರ ಲಾಗಿನ್‌ನ ಒಳಗೆ ಇಟ್ಟಿದ್ದರು. ಮನೆ ಗುಡಿಸಿದ್ದನ್ನು ನೋಡಿ ಮನೆ ಖಾಲಿ ಮಾಡುತ್ತಿದ್ದಾರೆ ಎಂದು ನಾನು ಬರೆದಿದ್ದೆ.

ಈ ತೀರ್ಮಾನಕ್ಕೆ ಬಲ ಕೊಟ್ಟಿದ್ದು, ಪದವೊಂದರ ಹುಡುಕಾಟದ ಏರಿಳಿತವನ್ನು ಗೆರೆಯಾಗಿ ತೋರಿಸುವ ಗೂಗಲ್ ಟ್ರೆಂಡ್ಸ್. ನಮ್ಮ ಬಗೆಯ ಸಾಫ್ಟ್‌ವೇರ್‌ಗೆ ರೂಢಿಯಲ್ಲಿದ್ದ ಹೆಸರನ್ನು ಹಾಕಿ ಐದು ವರ್ಷಗಳ ಅವಧಿಯನ್ನು ನೋಡಿದಾಗ ಗೆರೆ ಇಳಿಮುಖವಾಗಿತ್ತು. ಬೇಡಿಕೆಯೇ ಕುಗ್ಗುತ್ತಿದೆ, ಹಾಗಾಗಿ ಅವರು ಹೊರಟಿದ್ದಾರೆ ಎಂದು ಎರಡು ಎಳೆಗಳನ್ನು ಗಂಟು ಹಾಕಿದೆ. ಆದರೆ ಆ ಗೆರೆ ಹುಡುಕಾಟಗಳ ಸಂಖ್ಯೆಯನ್ನು ತೋರಿಸುವುದಿಲ್ಲ. ಆಯ್ದ ಪ್ರದೇಶ ಮತ್ತು ಅವಧಿಯಲ್ಲಿ ನಡೆದ ಒಟ್ಟು ಹುಡುಕಾಟಗಳಲ್ಲಿ ಆ ಪದದ ಪಾಲು ಎಷ್ಟು ಎಂಬುದನ್ನು, ಅತಿ ಎತ್ತರದ ಬಿಂದುವಿಗೆ 100 ಎಂದಿಟ್ಟುಕೊಂಡು, ಅದು ತೋರಿಸುತ್ತದೆ. ಒಟ್ಟು ಹುಡುಕಾಟ ಅದಕ್ಕಿಂತ ವೇಗವಾಗಿ ಬೆಳೆದರೆ, ಪದವನ್ನು ಹುಡುಕುವವರು ಹೆಚ್ಚಿದ್ದರೂ ಗೆರೆ ಕೆಳಗೇ ಇಳಿಯುತ್ತದೆ. ಟ್ರೆಂಡ್ಸ್ ಇಡೀ ದತ್ತಾಂಶವನ್ನು ಬಳಸದೆ ಅದರ ಒಂದು ಮಾದರಿಯನ್ನು ಮಾತ್ರ ಬಳಸುವುದರಿಂದ, ಅಪರೂಪದ ಪದಗಳ ಗೆರೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಹುಡುಕಾಟ ತೀರಾ ಕಡಿಮೆಯಿದ್ದರೆ ಸೊನ್ನೆ ಎಂದೇ ಬರುತ್ತದೆ. ನಮ್ಮ ವಿಷಯದಲ್ಲಿ ಇವೆಲ್ಲಕ್ಕಿಂತ ಸರಳವಾದ ಕಾರಣವೂ ಇತ್ತು. ಜನ ಆ ಹಳೆಯ ಹೆಸರನ್ನು ಬಿಟ್ಟು, ಮೊಬೈಲ್ ಆ್ಯಪ್‌ಗೆ ಸಂಬಂಧಿಸಿದ ಬೇರೆ ಪದಗಳಲ್ಲಿ ಹುಡುಕತೊಡಗಿದ್ದರು. ಬೇಡಿಕೆ ಸತ್ತಿರಲಿಲ್ಲ, ಹೆಸರು ಬದಲಿಸಿಕೊಂಡಿತ್ತು.

ಜಾಹೀರಾತಿಗೆ ಪದಗಳನ್ನು ಆರಿಸಲು ಗೂಗಲ್ ಕೊಡುವ ಕೀವರ್ಡ್ ಪ್ಲಾನರ್ ಬಳಸುವವರಿಗೆ ಒಂದೇ ಮಾತು: ಅಲ್ಲಿ ‘ಸ್ಪರ್ಧೆ ಹೆಚ್ಚು’ ಎಂದರೆ ಆ ಪದಕ್ಕೆ ಜಾಹೀರಾತು ಹಾಕಲು ಪೈಪೋಟಿ ಹೆಚ್ಚು ಎಂದರ್ಥ, ಸಾಮಾನ್ಯ ಫಲಿತಾಂಶಗಳಲ್ಲಿ ಮೇಲೆ ಬರುವುದು ಕಷ್ಟ ಎಂದಲ್ಲ.

ನನ್ನ ವಿದ್ಯೆಯೆಲ್ಲ ಹಳೆಯ ಮಾರ್ಗದರ್ಶಿ ಬರಹಗಳಿಂದ ಬಂದದ್ದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಪ್ರತಿಸ್ಪರ್ಧಿಗೆ ಯಾರು ಯಾರು ಲಿಂಕ್ ಕೊಟ್ಟಿದ್ದಾರೆಂದು ತಿಳಿಯಲು ‘ಲಿಂಕ್:’ ಆಪರೇಟರ್ ಬಳಸಿ, ಬಂದ ಬೆರಳೆಣಿಕೆಯ ಫಲಿತಾಂಶಗಳನ್ನು ನೋಡಿ ಅವರಿಗೆ ಹೊರಗಿನ ಬೆಂಬಲವೇ ಇಲ್ಲ ಎಂದು ಬರೆದೆ. ಗೂಗಲ್ ಅದನ್ನು 2017ರಲ್ಲೇ ಕೈಬಿಟ್ಟಿತ್ತು. ಪುಟದ ಹಳೆಯ ಪ್ರತಿಯನ್ನು ತೋರಿಸುತ್ತಿದ್ದ ‘ಕ್ಯಾಶ್’ ಸೌಲಭ್ಯವೂ 2024ರಲ್ಲಿ ಹೋಯಿತು. ಈಗ ಅದಕ್ಕೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಬಳಸುವುದೇ ಸರಿ, ಮತ್ತು ಹಳೆಯ ಪ್ರತಿಗಳನ್ನು ಅಲ್ಲಿ ನೋಡಿದ್ದರೆ ಸಹಾಯ ಪುಟಗಳ ಮರುಜೋಡಣೆ ನನಗೆ ಆಗಲೇ ಕಾಣುತ್ತಿತ್ತು. ಇಲ್ಲಿ ಅಪಾಯವೇನೆಂದರೆ, ಸತ್ತುಹೋದ ಆಪರೇಟರ್ ತಾನು ಸತ್ತಿದ್ದೇನೆಂದು ಹೇಳುವುದಿಲ್ಲ. ಸರ್ಚ್ ಎಂಜಿನ್ ಅದನ್ನು ಮಾಮೂಲಿ ಪದವೆಂದು ಪರಿಗಣಿಸಿ ಏನೋ ಕೆಲವು ಫಲಿತಾಂಶಗಳನ್ನು ಕೊಡುತ್ತದೆ, ನಾವು ಅವನ್ನು ಉತ್ತರವೆಂದು ಸ್ವೀಕರಿಸುತ್ತೇವೆ.

ಬೆಲೆಯ ವಿಷಯ ಇನ್ನೂ ನಾಚಿಕೆಯದು. ಒಂದೇ ಬಗೆಯ ಕಡತಗಳನ್ನು ಹುಡುಕುವ ‘ಫೈಲ್‌ಟೈಪ್:’ ಆಪರೇಟರ್ ಬಳಸಿ ಪಿಡಿಎಫ್‌ಗಳನ್ನು ಹುಡುಕಿದಾಗ ಅವರ ದರಪಟ್ಟಿಯೊಂದು ಸಿಕ್ಕಿತು. ‘ಆಫ್ಟರ್:’ ಆಪರೇಟರ್‌ನ ಜೊತೆ ದಿನಾಂಕ ಹಾಕಿ ಇತ್ತೀಚಿನ ಕಡತಗಳಿಗೆ ಮಾತ್ರ ಸೀಮಿತಗೊಳಿಸಿದ್ದರಿಂದ ಅದು ಹೊಸದೆಂಬ ಭರವಸೆ ನನಗಿತ್ತು. ಆ ದಿನಾಂಕ ಸರ್ಚ್ ಎಂಜಿನ್‌ನ ಊಹೆಯಷ್ಟೇ ಎಂಬುದು ತಿಳಿಯುವ ಹೊತ್ತಿಗೆ, ಅವರು ಎಂದೋ ಕೈಬಿಟ್ಟಿದ್ದ ದರದ ಎದುರು ನಾವು ನಮ್ಮ ದರ ಇಳಿಸಿಯಾಗಿತ್ತು. ಅದೇ ಹುಡುಕಾಟದಲ್ಲಿ ‘ಆಂತರಿಕ ಬಳಕೆಗೆ ಮಾತ್ರ’ ಎಂದು ಮೇಲೆಯೇ ಬರೆದಿದ್ದ ಇನ್ನೊಂದು ಕಡತವೂ ಸಿಕ್ಕಿ, ನಾನದನ್ನು ಇಳಿಸಿಕೊಂಡಿದ್ದೆ. ನಮ್ಮ ವಕೀಲರು ಅದನ್ನು ಕೂಡಲೇ ಅಳಿಸಲು ಹೇಳಿದರು. ಹುಡುಕಾಟದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಬಳಸುವ ಹಕ್ಕು ಸಿಕ್ಕಂತಾಗುವುದಿಲ್ಲ ಎಂದರು. ನನ್ನ ಸಹೋದ್ಯೋಗಿಯೊಬ್ಬರು ಪ್ರತಿಸ್ಪರ್ಧಿಯ ಜಾಹೀರಾತುಗಳನ್ನು ದಿನವೂ ಕ್ಲಿಕ್ ಮಾಡಿ ನೋಡುತ್ತಿದ್ದುದೂ ಆಗಲೇ ಬೆಳಕಿಗೆ ಬಂತು. ಇಂಥ ಜಾಹೀರಾತಿನ ಪ್ರತಿ ಕ್ಲಿಕ್ಕಿಗೂ ಹಾಕಿದವರು ಹಣ ಕೊಡುತ್ತಾರೆ, ಮತ್ತು ಮತ್ತೆ ಮತ್ತೆ ಹೀಗೆ ಮಾಡಿದರೆ ಅದನ್ನು ವಂಚನೆಯೆಂದು ನೋಡಲಾಗುತ್ತದೆ. ಕ್ಲಿಕ್ ಮಾಡದೆಯೇ ಯಾರ ಜಾಹೀರಾತುಗಳು ಓಡುತ್ತಿವೆ ಎಂದು ನೋಡಲು 2023ರಲ್ಲಿ ಆರಂಭವಾದ ಗೂಗಲ್‌ನ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಇದೆ.

ವರದಿಯ ಮುಖಪುಟದಲ್ಲಿ ನಮ್ಮ ಸಂಸ್ಥೆ ಫಲಿತಾಂಶಗಳಲ್ಲಿ ಮೊದಲ ಸ್ಥಾನದಲ್ಲಿರುವ ಸ್ಕ್ರೀನ್‌ಶಾಟ್ ಇತ್ತು. ದಿನಕ್ಕೆ ಹತ್ತು ಬಾರಿ ನಮ್ಮದೇ ಜಾಲತಾಣ ತೆರೆಯುವ ನನ್ನ ಕಂಪ್ಯೂಟರಿನಲ್ಲಿ, ನನ್ನದೇ ಖಾತೆಯಲ್ಲಿ ತೆಗೆದ ಚಿತ್ರವದು. ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ಹುಡುಕಿದರೆ ಹಳೆಯ ಇತಿಹಾಸದ ಪ್ರಭಾವ ತಪ್ಪುತ್ತದೆ, ಸ್ಥಳದ ಪ್ರಭಾವ ಆಗಲೂ ತಪ್ಪುವುದಿಲ್ಲ.

ಹೊಸ ಉತ್ಪನ್ನ ಬಿಡುಗಡೆಯಾದ ಮೇಲೆ, ಇದರ ಸುಳಿವು ಎಲ್ಲಿಯಾದರೂ ಇತ್ತೇ ಎಂದು ಹಿಂದಿರುಗಿ ನೋಡಿದೆ. ಇತ್ತು. ಆ ಕಂಪನಿ ಎಂಟು ತಿಂಗಳ ಹಿಂದೆಯೇ ಮೊಬೈಲ್ ಆ್ಯಪ್ ರೂಪಿಸುವವರು ಬೇಕೆಂದು ತನ್ನ ಜಾಲತಾಣದಲ್ಲಿ ಸಾಲುಸಾಲಾಗಿ ಪ್ರಕಟಣೆ ಹಾಕಿತ್ತು. ನನ್ನ ಹುಡುಕಾಟದಲ್ಲಿ ಅದು ಒಮ್ಮೆಯೂ ಬರಲಿಲ್ಲ, ಏಕೆಂದರೆ ಉದ್ಯೋಗ ತಾಣಗಳ ಗದ್ದಲ ಬೇಡವೆಂದು ‘ಉದ್ಯೋಗ’, ‘ನೇಮಕಾತಿ’ ಎಂಬ ಪದಗಳಿಗೆ ಮೊದಲು, ಅವು ಇರುವ ಪುಟಗಳನ್ನು ಫಲಿತಾಂಶದಿಂದ ಹೊರಗಿಡುವ ಮೈನಸ್ ಚಿಹ್ನೆಯನ್ನು ಮೊದಲ ಸೋಮವಾರವೇ ನಾನು ಹಾಕಿಟ್ಟಿದ್ದೆ.